ನಾನೂರ ಹದಿನೇಳನೇ ಪುಟ

ವಕೀಲರ ಸಂಘದ ಲೈಬ್ರರಿಯೊಂದರಲ್ಲಿ ನಾನು ಮೂವತ್ತೈದು ವರ್ಷ ಕೆಲಸ ಮಾಡಿದೆ. ಯಾವ ಊರಿನದು ಎಂದು ಹೇಳುವುದಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕರಲ್ಲಿ ಯಾವುದನ್ನಾದರೂ ಅಂದುಕೊಳ್ಳಿ. ಊರು ಹೇಳಿದರೆ ಉಳಿದವರ ಗುರುತು ತಾನಾಗಿ ಸಿಕ್ಕಿಬಿಡುತ್ತದೆ. ನಾನಿಲ್ಲಿ ಹೇಳಲಿರುವ ತಪ್ಪಿಗೆ ಅವರನ್ನು ಎಳೆಯುವ ಹಕ್ಕು ನನಗಿಲ್ಲ.

ನನ್ನ ಜಾಗಕ್ಕೆ ಕವಿತಾ ಎಂಬ ಹುಡುಗಿ ಬಂದಿದ್ದಾಳೆ. ಲೈಬ್ರರಿ ಸೈನ್ಸ್ ಓದಿದವಳು. ನಾನು ನಿವೃತ್ತನಾಗಿ ಬಿಳಿಚೋಡಿಗೆ ಬಂದು ಕೂತ ಮೇಲೆ ಎರಡು ಸಲ ಫೋನ್ ಮಾಡಿದಳು. "ದಸ್ತಗೀರ್ ಸಾಬ್ರೇ, ನಿಮ್ ಕೆಲಸ ಹೆಂಗಿತ್ತು ಅಂತ ಒಂದಿಷ್ಟು ಬರೆದುಕೊಡ್ರಿ. ಕಾಲೇಜಿನಾಗೆ ಇದನ್ನೆಲ್ಲ ಯಾರೂ ಹೇಳಿಕೊಡಲಿಲ್ಲ" ಎಂದಳು. ಒಳ್ಳೆಯದನ್ನಷ್ಟೇ ಬರೆದುಕೊಡೋಣ ಎಂದು ಕೂತೆ. ನಾಲ್ಕು ಹಾಳೆ ಬರೆದು ಹರಿದು ಹಾಕಿದೆ. ಇದು ಐದನೆಯ ಸಲ.

ಹೊರಗಿನವರ ಕಣ್ಣಿಗೆ ನಮ್ಮದು ಪುಣ್ಯವಂತರ ಕೆಲಸ. ಫ್ಯಾನಿನ ಕೆಳಗೆ ಕೂತು ಪೇಪರ್ ಓದುವುದು, ಚಹಾ ಕುಡಿಯುವುದು. ನನ್ನ ಹೆಂಡತಿ ಕೂಡ ಹಾಗೆಯೇ ನಂಬಿದ್ದಳು. "ದೂಳು ಬಿಟ್ರೆ ನಿಮಗೇನು ಕಷ್ಟ ಐತೆ?" ಎನ್ನುತ್ತಿದ್ದಳು. ನಾನೂ ಸೇರುವಾಗ ಅಷ್ಟೇ ತಿಳಿದಿದ್ದೆ. ನಮ್ಮ ಅಪ್ಪ ಜಗಳೂರಿನಲ್ಲಿ ಪುಸ್ತಕ ಬೈಂಡ್ ಮಾಡುತ್ತಿದ್ದರು. ಅವರಿಂದ ಕಲಿತ ಕೈಕೆಲಸವೊಂದೇ ನನ್ನ ವಿದ್ಯೆ. ಮೈದಾ ಅಂಟು ಕಾಯಿಸುವುದು, ಹುಳ ಬೀಳದಂತೆ ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುವುದು, ಹೊಲಿಗೆ ಹಾಕುವುದು, ಬೆನ್ನಿಗೆ ಬಟ್ಟೆ ಕೂರಿಸುವುದು. ತೀರ್ಪುಗಳ ವರದಿ ಆಗ ವಾರವಾರ ತೆಳ್ಳಗೆ ಬಿಡಿಯಾಗಿ ಬರುತ್ತಿತ್ತು. ಅದನ್ನು ವರ್ಷದ ಕೊನೆಗೆ ಕೂಡಿಸಿ ಸಂಪುಟ ಮಾಡಬೇಕಿತ್ತು. ಹಾಗಾಗಿ ಬೈಂಡಿಂಗ್ ಬಲ್ಲವನೊಬ್ಬ ಬೇಕಾಗಿತ್ತು, ನಾನು ಸಿಕ್ಕಿದೆ.

ಕೆಲಸ ಅಂದರೆ ಏನು ಎಂದು ಹೇಳಿಕೊಟ್ಟವರು ರುದ್ರಯ್ಯನವರು. ಸಂಘದ ಹಿರಿಯ ವಕೀಲರು, ಲೈಬ್ರರಿ ಸಮಿತಿಗೆ ಅವರೇ ಯಜಮಾನರು. ಮೂಗಿನ ತುದಿಯಲ್ಲೇ ಸಿಟ್ಟು. ಕೋಟಿನ ಜೇಬಿನಲ್ಲಿ ಯಾವಾಗಲೂ ಹುರಿಗಡಲೆ ಇಟ್ಟುಕೊಂಡಿರುತ್ತಿದ್ದರು. ಬೈಯುವಾಗಲೂ ಬಾಯಲ್ಲಿ ಕಡಲೆ ಆಡುತ್ತಿತ್ತು. ಸೇರಿದ ವಾರದಲ್ಲೇ ನನ್ನನ್ನು ಕೂರಿಸಿಕೊಂಡು ಹೇಳಿದರು:

"ಪುಸ್ತಕ ತೆಗೆದುಕೊಡಾಕೆ ನೀನು ಬೇಕಿಲ್ಲಪ್ಪ, ಜವಾನ ಸಾಕು. ಯಾವ ತೀರ್ಪು ಜೀವಂತ ಐತೆ, ಯಾವುದು ಸತ್ತೈತೆ, ಅದನ್ನ ಹೇಳಾಕೆ ನೀನು ಬೇಕು."

ಕೆಳಗಿನ ಕೋರ್ಟು, ಮೇಲಿನ ಕೋರ್ಟು, ಅದರ ಮೇಲಿನ ಕೋರ್ಟು. ಇವತ್ತು ಹೇಳಿದ ಮಾತನ್ನು ಹತ್ತು ವರ್ಷದ ಮೇಲೆ ಇನ್ನೊಂದು ಪೀಠ ತಪ್ಪು ಎನ್ನಬಹುದು. ಪುಸ್ತಕದಲ್ಲಿ ಮಾತ್ರ ಹಳೆಯ ತೀರ್ಪು ಅದೇ ಗತ್ತಿನಲ್ಲಿ ಕೂತಿರುತ್ತದೆ. ಅದಕ್ಕೆ ಅವರು ಚೀಟಿಯ ಪದ್ಧತಿ ಮಾಡಿದ್ದರು. ಹೊಸ ಬಿಡಿ ಸಂಚಿಕೆ ಬಂದ ಕೂಡಲೇ ಓದಬೇಕು. ಯಾವ ಹಳೆಯ ತೀರ್ಪು ಬಿದ್ದಿದೆಯೋ ಆ ಸಂಪುಟ ತೆಗೆದು, ಆ ಪುಟದ ಅಂಚಿಗೆ ಕೆಂಪು ಚೀಟಿ ಅಂಟಿಸಬೇಕು. ಯಾವುದನ್ನು ಎತ್ತಿಹಿಡಿದಿದ್ದಾರೋ ಅದಕ್ಕೆ ನೀಲಿ ಚೀಟಿ. ನನ್ನ ಇಂಗ್ಲಿಷು ಪಿಯುಸಿಯದು. ಮೊದಲ ಎರಡು ವರ್ಷ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಕಣ್ಣೀರು ಹಾಕಿದೆ. ಆಮೇಲೆ ಹೇಗೋ ಅಭ್ಯಾಸವಾಯಿತು.

ಇನ್ನೊಂದು ನಿಯಮ ಹಾಕಿದರು. ಯಾರಾದರೂ ವಕೀಲರು ಒಂದು ರೂಲಿಂಗ್, ಅಂದರೆ ಆಧಾರಕ್ಕೆ ಹಿಡಿಯುವ ಹಳೆಯ ತೀರ್ಪಿನ ಬಗ್ಗೆ ಕೇಳಿದರೆ ನನ್ನ ಬಾಯಲ್ಲಿ ಎರಡೇ ಉತ್ತರ ಬರಬೇಕು. ಕಣ್ಣಾರೆ ಪುಟ ಕಂಡಿದ್ದರೆ "ನೋಡೀನಿ". ಕಾಣದಿದ್ದರೆ "ನೋಡಿಲ್ಲ". "ಇರಬೇಕು ಸರ್", "ಇದ್ದಂಗೆ ನೆನಪು ಸರ್" ಎಂದರೆ ಕಡಲೆ ಉಗುಳುವಷ್ಟು ಕೋಪ ಬರುತ್ತಿತ್ತು. ಒಂದು ಸಲ ಮರೆತು "ಇರಬೇಕು" ಅಂದದ್ದಕ್ಕೆ ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಬರಬರುತ್ತಾ ಕೋರ್ಟಿನಲ್ಲಿ ಅದೊಂದು ರೂಢಿಯೇ ಆಯಿತು. ಕಲಾಪಕ್ಕೆ ಹೊತ್ತಾದಾಗ ವಕೀಲರು ಬಾಗಿಲಲ್ಲೇ ನಿಂತು, "ಸಾಬ್ರೇ, ನೋಡೀರಾ?" ಎನ್ನುವರು. ನಾನು "ನೋಡೀನಿ ಸರ್" ಎಂದರೆ ಸಾಕು, ಪುಟ ತೆರೆಯದೆಯೇ ಗುರುತು ಹಾಕಿಕೊಂಡು ಓಡುವರು. ಸಂಪುಟವನ್ನು ಹಿಂದಿನಿಂದ ನಾನು ಹೊತ್ತೊಯ್ಯುತ್ತಿದ್ದೆ. ನನಗದು ಜಂಬದ ಸಂಗತಿಯಾಗಿತ್ತು, ಸುಳ್ಳೇಕೆ ಹೇಳಲಿ.

ಈಗ ಬ್ಲೇಡಿನ ವಿಷಯ. ಹೊಸಬರಿಗೆ ಇದು ಗೊತ್ತಿರಲಿ. ಜೆರಾಕ್ಸ್ ಮಿಷನ್ ಊರಿಗೊಂದೇ ಇದ್ದ ಕಾಲದಲ್ಲಿ ಕೆಲವರು ಪುಟವನ್ನೇ ಕೊಯ್ದುಕೊಂಡು ಹೋಗುತ್ತಿದ್ದರು. ಎದುರು ಪಕ್ಷದವರ ಕೈಗೆ ಸಿಗದಿರಲಿ ಎಂದೂ ಕೊಯ್ಯುತ್ತಿದ್ದರು. ನಾನು ಸೇರಿ ಹದಿನೈದು ವರ್ಷವಾಗಿತ್ತೇನೋ, ಒಂದು ಮಧ್ಯಾಹ್ನ ದೂಳು ಹೊಡೆಯುವಾಗ ಹಳೆಯ ಸಂಪುಟವೊಂದು ಹಗುರ ಅನ್ನಿಸಿತು. ತೆರೆದರೆ ನಾನೂರ ಹದಿಮೂರರಿಂದ ನಾನೂರ ಇಪ್ಪತ್ತೆಂಟರವರೆಗೆ ಪುಟಗಳಿಲ್ಲ. ಬ್ಲೇಡಿನ ಗೆರೆ ನೀಟಾಗಿತ್ತು. ಕಳ್ಳ ಜಾಣ, ಸಂಪುಟದ ಮೊದಲಲ್ಲಿರುವ ಪ್ರಕರಣಗಳ ಪಟ್ಟಿಯನ್ನೂ ಬಿಟ್ಟಿರಲಿಲ್ಲ.

ಆ ವರ್ಷವಷ್ಟೇ ಸಮಿತಿ ಠರಾವು ಮಾಡಿತ್ತು: ಪುಸ್ತಕ ಹಾಳಾದರೆ ಲೈಬ್ರರಿಯವನೇ ಹೊಣೆ. ರುದ್ರಯ್ಯನವರು ಆಗ ಹಾಸಿಗೆ ಹಿಡಿದಿದ್ದರು. ಹೊಸ ಅಧ್ಯಕ್ಷರಿಗೆ ನನ್ನ ಮುಖ ಕಂಡರಾಗದು. ಮನೆಯಲ್ಲಿ ಎರಡು ಕೂಸು. ನಾನು ಹೆದರಿದೆ. ಸಂಪುಟವನ್ನು ಮನೆಗೆ ಒಯ್ದು, ಕೊಯ್ದ ಹಾಳೆಗಳ ಬುಡವನ್ನು ಕಿತ್ತು, ಹೊಲಿಗೆ ಬಿಚ್ಚಿ ಮತ್ತೆ ಹಾಕಿ, ಹೊಸ ಬೆನ್ನು ಕೂರಿಸಿದೆ. ಪುಟದ ಸಂಖ್ಯೆ ಎಣಿಸದ ಹೊರತು ಯಾರಿಗೂ ತಿಳಿಯುವಂತಿರಲಿಲ್ಲ. ಅಪ್ಪ ಕಲಿಸಿದ ವಿದ್ಯೆಯನ್ನು ನಾನು ಅಷ್ಟು ಚೆನ್ನಾಗಿ ಇನ್ನೆಂದೂ ಬಳಸಲಿಲ್ಲ. ಶೆಲ್ಫಿಗೆ ಇಟ್ಟೆ, ಯಾರಿಗೂ ಹೇಳಲಿಲ್ಲ. ಏನು ಕದ್ದರು, ಯಾಕೆ ಕದ್ದರು ಎಂಬ ಪ್ರಶ್ನೆ ಮಾತ್ರ ಆ ಶೆಲ್ಫಿನ ಮುಂದೆ ಹೋದಾಗಲೆಲ್ಲ ಏಳುತ್ತಿತ್ತು.

ಆಮೇಲೆ ಕಂಪ್ಯೂಟರ್ ಬಂತು. ಮೊದಲು ಸೀಡಿ, ಆಮೇಲೆ ಇಂಟರ್‌ನೆಟ್ಟು, ಆಮೇಲೆ ಎಲ್ಲರ ಕೈಯಲ್ಲೂ ಫೋನು. ಬಿಡಿ ಸಂಚಿಕೆ ತರಿಸುವುದನ್ನು ಸಮಿತಿ ನಿಲ್ಲಿಸಿತು. ಸಂಚಿಕೆ ನಿಂತ ಮೇಲೆ ಚೀಟಿಯ ಕೆಲಸವೂ ನಿಂತಿತು. ಹಳೆಯ ಸಂಪುಟಗಳನ್ನು ರದ್ದಿಗೆ ಹಾಕಿ ಆ ಜಾಗದಲ್ಲಿ ಊಟದ ಟೇಬಲ್ ಹಾಕೋಣ ಎಂದೂ ಒಬ್ಬರು ಸೂಚಿಸಿದರು. ಅದೊಂದನ್ನು ಕಾಡಿ ಬೇಡಿ ತಪ್ಪಿಸಿದೆ.

ಹೊಸದೆಲ್ಲ ಕೆಟ್ಟದ್ದು ಎನ್ನುವ ಮುದುಕ ನಾನಲ್ಲ. ಎಐ ಎಂಬುದು ಬಂದ ಹೊಸತರಲ್ಲಿ ನಾನೂ ಬೆರಗಾಗಿ ನೋಡಿದೆ. ನಲವತ್ತು ಪುಟದ ಇಂಗ್ಲಿಷ್ ತೀರ್ಪನ್ನು ಕೊಟ್ಟರೆ ಅರೆಗಳಿಗೆಯಲ್ಲಿ ಕನ್ನಡದಲ್ಲಿ ಸಾರಾಂಶ ಹೇಳುತ್ತಿತ್ತು. ಡಿಕ್ಷನರಿ ಹಿಡಿದು ನಾನು ಕಳೆದ ಆ ಎರಡು ವರ್ಷ ನೆನಪಾಗಿ ಹೊಟ್ಟೆ ಉರಿಯಿತು. ಆದರೆ ಅದರಲ್ಲಿ ಒಂದು ಗುಣ ಗಮನಿಸಿದೆ. ಅದು "ನೋಡಿಲ್ಲ" ಎನ್ನುತ್ತಿದ್ದದ್ದು ಬಲು ಅಪರೂಪ. ಕೇಳಿದ್ದಕ್ಕೆಲ್ಲ ಏನಾದರೊಂದು ಕೊಡುತ್ತಿತ್ತು, ಅದೂ ಗಟ್ಟಿ ದನಿಯಲ್ಲಿ. ರುದ್ರಯ್ಯನವರು ಇದ್ದಿದ್ದರೆ ಅದರ ಮೇಲೂ ಕಡಲೆ ಉಗುಳುತ್ತಿದ್ದರು.

ನಾನು ನಿವೃತ್ತನಾಗಲು ಮೂರು ತಿಂಗಳಿತ್ತು. ಮಂಜಣ್ಣ ಎಂಬ ವಕೀಲರ ಹತ್ತಿರ ದ್ಯಾಮಕ್ಕನ ಕೇಸಿತ್ತು. (ಇಬ್ಬರ ಹೆಸರನ್ನೂ ಬದಲಿಸಿದ್ದೇನೆ.) ದ್ಯಾಮಕ್ಕ ಅಕ್ಕಿ ಗಿರಣಿಯೊಂದರಲ್ಲಿ ಹರೆಯದಿಂದಲೂ ಕಸ ಗುಡಿಸಿ, ಅಕ್ಕಿ ಕೇರಿ ಬದುಕಿದವಳು. ಗಿರಣಿಯ ಹಿತ್ತಿಲಲ್ಲಿ ಎರಡು ಕೋಣೆಯ ಹೆಂಚಿನ ಮನೆ. "ನೀನು ಇರೋ ತನಕ ಇರು" ಎಂದು ಹಳೆಯ ಮಾಲೀಕರು ಬಾಯಿಮಾತಿನಲ್ಲಿ ಕೊಟ್ಟದ್ದು. ಕಾಗದವಿಲ್ಲ. ಆ ಮನೆಯ ಕಟ್ಟೆಯ ಮೇಲೇ ಆಕೆ ರೊಟ್ಟಿ ಸುಟ್ಟು ಮಾರುತ್ತಿದ್ದಳು. ಹಳೆಯ ಮಾಲೀಕರು ತೀರಿಕೊಂಡ ಮೇಲೆ ಅವರ ಮಕ್ಕಳಿಗೆ ಹಿತ್ತಿಲು ಬೇಕಾಯಿತು. ಜೆಸಿಬಿ ತಂದು ಕೆಡವುತ್ತೇವೆ ಎಂದರು. ಕೆಡವದಂತೆ ಕೋರ್ಟಿನಿಂದ ತಡೆಯಾಜ್ಞೆ ತರಬೇಕಾಗಿತ್ತು. ತಡೆಯಾಜ್ಞೆ ಸಿಕ್ಕರೆ ಮನೆ, ಸಿಗದಿದ್ದರೆ ಬೀದಿ. ಕೇಸಿನಲ್ಲಿ ಇದ್ದದ್ದು ಅಷ್ಟೇ.

ಮಂಜಣ್ಣ ಒಳ್ಳೆಯ ಮನುಷ್ಯ. ದ್ಯಾಮಕ್ಕನಿಂದ ಫೀಸು ಕೇಳಿರಲಿಲ್ಲ. ಆದರೆ ಕೈತುಂಬ ಕೇಸು, ಓದಲು ಹೊತ್ತಿಲ್ಲ. ವಾದ ಇದ್ದ ದಿನ ಬೆಳಿಗ್ಗೆ ನಾನು ಅವರಿಗಾಗಿ ಒಂದು ಸಂಪುಟ ತೆಗೆದಿಟ್ಟಿದ್ದೆ. ಬಹಳ ಕಾಲದಿಂದ ಸ್ವಾಧೀನದಲ್ಲಿರುವವರನ್ನು, ಅವರಿಗೆ ಹಕ್ಕುಪತ್ರ ಇರಲಿ ಬಿಡಲಿ, ಕಾನೂನಿನ ಕ್ರಮವಿಲ್ಲದೆ ಬಲವಂತದಿಂದ ಹೊರಹಾಕುವಂತಿಲ್ಲ ಎಂಬ ತೀರ್ಪು. ನೀಲಿ ಚೀಟಿ ಅಂಟಿಸಿದವನು ನಾನೇ, ಒಂದಲ್ಲ, ಮೂರು. ಮಂಜಣ್ಣ ಬಂದರು, ಹಿಂದೆ ದ್ಯಾಮಕ್ಕ. ಆಕೆ ಚಪ್ಪಲಿ ಹೊರಗೆ ಬಿಟ್ಟು ಹೊಸಿಲ ಹತ್ತಿರ ನಿಂತಳು.

"ಸರ್, ಇದು ನಿಮ್ ಕೇಸಿಗೆ" ಎಂದು ಸಂಪುಟ ತೋರಿಸಿದೆ.

"ಅದು ಎಲ್ಲಾರೂ ಹೇಳೋದೇ ಬಿಡ್ರಿ ಸಾಬ್ರೇ" ಎಂದು ಮಂಜಣ್ಣ ಫೋನು ಮುಂದೆ ಹಿಡಿದರು. "ಇಲ್ನೋಡ್ರಿ, ಎಐ ಹೆಂಗೆ ಹುಡುಕಿ ಕೊಟ್ಟೈತೆ! ಗಿರಣಿ ಆಳು, ಹೆಣ್ಮಗಳು, ಮಾಲೀಕ ಬಾಯಿಮಾತಿನಾಗೆ ಕೊಟ್ಟ ಮನೆ. ಕೋರ್ಟು ಆಕಿ ಕಡೆನೇ ಹೇಳೈತೆ. ನಮ್ ದ್ಯಾಮಕ್ಕಗೆ ಅಳತೆ ತಗೊಂಡು ಹೊಲಿದಂಗೈತೆ. ನೆಟ್ಟಿನಾಗೆ ಪೂರ್ತಿ ತೀರ್ಪು ಸಿಗಲಿಲ್ಲ, ಹಳೇದಲ್ವಾ. ಆದ್ರೆ ಸಂಪುಟ, ಪುಟ ಎರಡೂ ಕೊಟ್ಟೈತೆ. ನೋಡೀರಾ?"

ಓದಿದೆ. ವಾದಿ ಪ್ರತಿವಾದಿಗಳ ಹೆಸರಿತ್ತು, ವರ್ಷವಿತ್ತು, ಸಂಪುಟವಿತ್ತು. ಪುಟ: ನಾನೂರ ಹದಿನೇಳು.

ಅದೇ ಸಂಪುಟ. ನಾನು ಕೈಯಾರೆ ಮುಚ್ಚಿದ ಗುಂಡಿಯೊಳಗೆ ಬೀಳುವ ಪುಟ. ಆ ಕ್ಷಣ ನನ್ನ ತಲೆಯಲ್ಲಿ ಎರಡು ಸಂಗತಿ ಒಟ್ಟಿಗೇ ಬಂದವು. ಒಂದು ಭಯ: "ಸಂಪುಟ ತರ್ರಿ" ಎಂದರೆ ಇಪ್ಪತ್ತು ವರ್ಷದ ಕಳ್ಳತನ ಬಯಲಾಗುತ್ತದೆ, ನಿವೃತ್ತಿಗೆ ಮೂರು ತಿಂಗಳಿರುವಾಗ. ಇನ್ನೊಂದು, ಹೇಳಿದರೆ ನೀವು ನಗಬಹುದು, ಒಂದು ಬಗೆಯ ಸಂತೋಷ. ಓಹೋ, ಕಳ್ಳ ಕದ್ದದ್ದು ಇದನ್ನೇ! ಇಂಥ ತೀರ್ಪು ಬಡವರ ಕೈಗೆ ಸಿಗಬಾರದೆಂದು ಯಾರೋ ಮಾಲೀಕರ ಕಡೆಯವರು ಕೊಯ್ದಿದ್ದಾರೆ. ಇಷ್ಟು ವರ್ಷ ನನ್ನನ್ನು ಕಾಡಿದ ಪ್ರಶ್ನೆಗೆ ಆ ಫೋನು ಉತ್ತರ ಹೇಳಿತು ಎಂದೇ ನಂಬಿದೆ. ನಂಬುವುದು ನನಗೆ ಅನುಕೂಲವೂ ಆಗಿತ್ತು.

"ಆ ಸಂಪುಟದ ಹೊಲಿಗೆ ಬಿಚ್ಚೈತೆ ಸರ್, ಕೋರ್ಟಿಗೆ ಒಯ್ಯಾಕೆ ಬರಲ್ಲ" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಮಂಜಣ್ಣ ನನ್ನ ಮುಖವನ್ನೇ ನೋಡುತ್ತಿದ್ದರು.

"ಆದ್ರೆ ರೂಲಿಂಗ್ ಐತೆ. ನೋಡೀನಿ."

ಹೊಸಿಲ ಹತ್ತಿರದಿಂದ ದ್ಯಾಮಕ್ಕ ಕೇಳಿದಳು, "ಏನಂತ್ರಿ ಅಣ್ಣಾರೆ?"

"ನಿನ್ ಮನೆ ಕೆಡವಂಗಿಲ್ಲ ಅಂತ ಪುಸ್ತಕದಾಗೆ ಐತಂತೆ ಕಣಮ್ಮ. ಸಾಬ್ರು ನೋಡ್ಯಾರೆ" ಎಂದರು ಮಂಜಣ್ಣ. ಆಕೆ ನನಗೆ ಕೈಮುಗಿದಳು. ನಾನೂ ಮುಗಿದೆ.

ನೀಲಿ ಚೀಟಿಯ ಸಂಪುಟ ಟೇಬಲ್ ಮೇಲೇ ಉಳಿಯಿತು. ಮನಸ್ಸು ತಡೆಯದೆ, ಮಧ್ಯಾಹ್ನ ಕೇಸು ಕೂಗುವ ಹೊತ್ತಿಗೆ ಅದನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ ಕೋರ್ಟ್ ಹಾಲಿನ ಕೊನೆಯ ಬೆಂಚಿನ ಬಳಿ ನಿಂತೆ.

ಮಂಜಣ್ಣ ಚೆನ್ನಾಗಿಯೇ ವಾದಿಸಿದರು. ಆ ರೂಲಿಂಗನ್ನು ಓದುವಾಗ ಅವರ ದನಿ ಏರಿತು. ಎದುರು ಪಕ್ಷಕ್ಕೆ ದಾವಣಗೆರೆಯಿಂದ ಬಂದ ಹಿರಿಯ ವಕೀಲರಿದ್ದರು. ಅವರು ಅವಸರ ಮಾಡಲಿಲ್ಲ. ಮಂಜಣ್ಣ ತಾವು ಆಧಾರಕ್ಕೆ ಹಿಡಿಯುವ ತೀರ್ಪುಗಳ ಪಟ್ಟಿಯನ್ನು ಬೆಳಿಗ್ಗೆಯೇ ಅವರಿಗೆ ಕೊಟ್ಟಿದ್ದರಂತೆ. ಅವರು ತಮ್ಮ ಕಚೇರಿಯಿಂದ ಅದೇ ಸಂಪುಟ ತರಿಸಿಕೊಂಡಿದ್ದರು. ಹರಿಯದ, ಕೊಯ್ಯದ, ಪೂರ್ತಿ ಸಂಪುಟ. ಅದನ್ನು ತೆರೆದು ನ್ಯಾಯಾಧೀಶರ ಮುಂದಿಟ್ಟರು.

ನಾನೂರ ಹದಿನೇಳನೇ ಪುಟದಲ್ಲಿ ಇದ್ದದ್ದು ಒಂದು ಬಸ್ಸಿನ ಪರ್ಮಿಟ್ಟಿನ ಜಗಳ. ಗಿರಣಿಯಿಲ್ಲ, ಆಳಿಲ್ಲ, ಮನೆಯಿಲ್ಲ. ಆ ಹೆಸರಿನ ಪ್ರಕರಣ ಇಡೀ ಸಂಪುಟದ ಪಟ್ಟಿಯಲ್ಲೇ ಇರಲಿಲ್ಲ.

"ವಕೀಲರೇ, ಇದು ನಿಮಗೆ ಎಲ್ಲಿ ಸಿಕ್ಕಿತು?" ಎಂದು ನ್ಯಾಯಾಧೀಶರು ಕೇಳಿದರು. ಗದರಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಮಂಜಣ್ಣ ಹಿಂತಿರುಗಿ ನೋಡಿದರು. ಹಾಲಿನ ಕೊನೆಯಲ್ಲಿ ನಾನು ನಿಂತಿದ್ದೆ. ಒಂದೇ ಕ್ಷಣ. ನನ್ನ ಹೆಸರು ಹೇಳಬಹುದಿತ್ತು. "ಎಐನಿಂದ ತೆಗೆದದ್ದು ಸ್ವಾಮಿ. ಪರಿಶೀಲಿಸದೆ ಹಾಕಿದ ತಪ್ಪು ನನ್ನದು" ಎಂದು ತಲೆ ತಗ್ಗಿಸಿದರು. ನಾನು ಎರಡು ಹೆಜ್ಜೆ ಮುಂದೆ ಹೋಗಿ "ನೋಡೀನಿ ಅಂದವನು ನಾನು" ಎನ್ನಬೇಕಿತ್ತು. ಹೋಗಲಿಲ್ಲ. ನೀಲಿ ಚೀಟಿಯ ಸಂಪುಟ ಕಂಕುಳಲ್ಲೇ ಬೆವರಿತು. ಕೊನೆಗೆ ಅದನ್ನು ಮುಂದೆ ಕಳಿಸಿದೆ. ಮಂಜಣ್ಣ ತಡವರಿಸುತ್ತ ಅದನ್ನೂ ಓದಿದರು, ಆದರೆ ಅಷ್ಟರಲ್ಲಿ ಅವರ ಬಾಯಿಂದ ಬಂದ ಯಾವ ಮಾತನ್ನೂ ನಂಬುವ ಸ್ಥಿತಿಯಲ್ಲಿ ಆ ಹಾಲು ಇರಲಿಲ್ಲ.

ಎರಡು ದಿನ ಬಿಟ್ಟು ಆದೇಶ ಬಂತು. ಸ್ವಾಧೀನಕ್ಕೆ ಸಾಕಷ್ಟು ದಾಖಲೆಯಿಲ್ಲ, ನ್ಯಾಯ ಬೇಡಿ ಬಂದವರೇ ಎಲ್ಲಿಯೂ ಇಲ್ಲದ ತೀರ್ಪೊಂದನ್ನು ಮುಂದಿಟ್ಟಿದ್ದಾರೆ, ಅರ್ಜಿ ವಜಾ. ಮಂಜಣ್ಣ ಮೇಲ್ಮನವಿಗೆ ಓಡಾಡಿದರು. ಆದೇಶದ ನಕಲು ಕೈಗೆ ಬರುವ ಮೊದಲು ಭಾನುವಾರ ಬಂತು. ಕೋರ್ಟಿಗೆ ರಜೆ, ಜೆಸಿಬಿಗೆ ರಜೆಯಿಲ್ಲ. ಸೋಮವಾರ ನಾನು ಬಸ್ಸಿನಲ್ಲಿ ಹೋಗಿ ನೋಡಿದೆ. ಹೆಂಚಿನ ಚೂರು, ತೊಲೆ, ರೊಟ್ಟಿ ಸುಡುವ ಒಲೆ. ಒಲೆಯೊಂದು ಮಾತ್ರ ಯಾಕೋ ಒಡೆದಿರಲಿಲ್ಲ.

ಮಂಜಣ್ಣ ನನ್ನನ್ನು ಬೈಯಲಿಲ್ಲ, ಯಾರ ಮುಂದೆಯೂ ನನ್ನ ಹೆಸರೆತ್ತಲಿಲ್ಲ. ಆದರೆ ಉಳಿದ ಮೂರು ತಿಂಗಳು ಲೈಬ್ರರಿಯ ಬಾಗಿಲಲ್ಲಿ ನಿಂತು "ನೋಡೀರಾ?" ಎಂದು ಕೇಳಲೂ ಇಲ್ಲ. ಬೀಳ್ಕೊಡುಗೆಯ ದಿನ ಶಾಲು ಹೊದಿಸಲು ಅವರನ್ನೇ ಕರೆದರು. ಹೊದಿಸಿದರು, ಮುಖ ನೋಡಲಿಲ್ಲ. ಭಾಷಣ ಮಾಡಿದವರು "ಸಾಬ್ರ ಮಾತೇ ನಮಗೆ ದಾಖಲೆ" ಎಂದರು. ನೆಲ ಬಿರಿಯಬಾರದೇ ಎನ್ನಿಸಿತು.

ಹೊರಡುವ ಮುನ್ನ ಆ ಸಂಪುಟ ತೆಗೆದು, ನಾನೂರ ಹನ್ನೆರಡನೇ ಪುಟದ ಅಂಚಿಗೆ ಕೆಂಪು ಚೀಟಿ ಅಂಟಿಸಿದೆ. ಇಲ್ಲಿಂದ ಹದಿನಾರು ಪುಟ ಇಲ್ಲ, ಮುಚ್ಚಿಟ್ಟವನು ನಾನು, ಎಂದು ಬರೆದು ಸಹಿ ಹಾಕಿದೆ. ಕವಿತಾ, ಅದು ನಿನಗೆ ಸಿಕ್ಕಿರಬಹುದು. ಮೂರನೇ ಬೀರು, ಕೆಳಗಿನ ಸಾಲು. ಅಧ್ಯಕ್ಷರಿಗೆ ತೋರಿಸು, ನನ್ನ ಮೇಲೆ ಏನು ಕ್ರಮವೋ ತೆಗೆದುಕೊಳ್ಳಲಿ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಹೋದ ತಿಂಗಳು ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ಕಲ್ಲು ಬೆಂಚಿನ ಮೇಲೆ ದ್ಯಾಮಕ್ಕ ಕೂತಿದ್ದಳು. ತ್ಯಾವಣಿಗೆಯಲ್ಲಿ ತಂಗಿಯ ಮನೆಯಲ್ಲಿದ್ದಾಳಂತೆ. ನಾನು ಮುಖ ತಪ್ಪಿಸುವಷ್ಟರಲ್ಲಿ ಆಕೆಯೇ ಕೂಗಿದಳು.

"ಪುಸ್ತಕದ ಸಾಬ್ರಲ್ಲೇನ್ರಿ? ಬರ್ರಿ, ಕುಂದರ್ರಿ." ಪಕ್ಕದಲ್ಲಿ ಜಾಗ ಮಾಡಿದಳು. "ಆ ಹಾಳೆ ಸಿಕ್ತೇನ್ರಿ?"

"ಯಾವ ಹಾಳೆ?"

"ಅದೇರಿ, ನನ್ ಮನೇದು. ಗಿರಣಿಯೋರು ಕದ್ದು ಬೇರೆ ಹಾಳೆ ಸೇರಿಸ್ಯಾರಂತ ಆವತ್ತೇ ತಿಳೀತು ನನಗೆ. ದೊಡ್ಡೋರು, ಏನ್ ಬೇಕಾದ್ರೂ ಮಾಡ್ತಾರೆ. ನಮ್ ತಂಗಿ ಮಗಳಿಗೂ ಹೇಳೀನಿ. ಸಾಬ್ರು ನೋಡ್ಯಾರೆ, ಒಂದಿನ ಸಿಗತೈತೆ, ಸಿಕ್ರೆ ಮತ್ತೆ ಕೋರ್ಟಿಗೆ ಹೋಗಬೌದು ಅಂತ."

ವರ್ಷವಾಗುತ್ತಾ ಬಂದಿತ್ತು. ಮನೆ ಹೋದ ಮೇಲೂ ನನ್ನ ಮಾತು ಆಕೆಯ ಹತ್ತಿರ ಉಳಿದುಕೊಂಡಿತ್ತು. ಆಕೆ ಅದರಲ್ಲೇ ಇಷ್ಟು ದಿನ ದೂಡಿದ್ದಳು. ಹೇಳಿಬಿಟ್ಟೆ. ನಿನ್ನ ಮನೆಯ ಹಾಳೆ ಯಾರೂ ಕದ್ದಿಲ್ಲಮ್ಮ, ಅಂಥ ಹಾಳೆ ಇರಲೇ ಇಲ್ಲ, ಫೋನಿನೊಳಗಿನ ಮಿಷನ್ ಕಟ್ಟಿ ಹೇಳಿದ್ದು, ಎಂದೆ. ಆಕೆಗೆ ಅರ್ಥವಾಗಲು ಹೊತ್ತು ಹಿಡಿಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು.

"ಹೋಗ್ಲಿ ಬಿಡ್ರಿ. ಮಿಷನ್ನಿಗೇನು ಗೊತ್ತಾಗತೈತೆ, ಅದೇನು ನನ್ ಮನೆ ಕಂಡೈತಾ" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದಳು.

"ಮತ್ತೆ ನೀವು ನೋಡೀನಿ ಅಂದ್ರಲ್ರೀ, ಏನ್ ನೋಡಿದ್ರಿ?"

ತ್ಯಾವಣಿಗೆಯ ಬಸ್ಸು ಬಂತು. ಆಕೆ ಏಳಲಿಲ್ಲ. ಉತ್ತರಕ್ಕೆ ಕಾಯುತ್ತ ಕೂತೇ ಇದ್ದಳು. ಬಸ್ಸು ಹೊರಟುಹೋಯಿತು.